ವೇಗಕ್ಕೂ ಒಂದು ಕಣ ಬೇಕು: ಅಮೆರಿಕದ ಹವ್ಯಾಸಿಗಳ ಮಸಲ್ ಕಾರುಗಳು ಹೇಳುವ ಪಾಠ

ಕಂಬಳಕ್ಕೆ ಕರೆ ಬೇಕು, ಕುಸ್ತಿಗೆ ಗರಡಿಯ ಮಣ್ಣು ಬೇಕು. ಓಟದ ಕೋಣಗಳನ್ನು ಪೇಟೆಯ ಬೀದಿಯಲ್ಲಿ ಓಡಿಸುವ ಯಜಮಾನರು ಯಾರೂ ಇಲ್ಲ. ಆದರೆ ಕಾರು, ಬೈಕುಗಳ ವೇಗಕ್ಕೆ ಮಾತ್ರ ಪ್ರತ್ಯೇಕ ಕಣವೊಂದು ಇರಬೇಕೆಂಬ ಅರಿವು ಮಹಾನಗರಗಳಲ್ಲಿ ಇನ್ನೂ ಬೇರೂರಿಲ್ಲ. ನಡುರಾತ್ರಿಯ ಖಾಲಿ ಹೆದ್ದಾರಿಯಲ್ಲಿ, ಮೇಲ್ಸೇತುವೆಯ ಮೇಲೆ ಪಂದ್ಯ ಕಟ್ಟುವ ಹುಡುಗರ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತಿದೆ. ಮಗ ಮನೆಗೆ ಮರಳುವವರೆಗೆ ಕಿಟಕಿಯ ಬಳಿ ಕಾಯುವ ತಂದೆ-ತಾಯಂದಿರ ಸಂಕಟ ಸಂಘ-ಸಂಸ್ಥೆಗಳಲ್ಲಿ ದುಡಿಯುವವರಿಗೆ ಹೊಸತೇನಲ್ಲ.

ಎಪ್ಪತ್ತು ವರ್ಷಗಳಿಗೂ ಹಿಂದೆ ಅಮೆರಿಕದ ಪಟ್ಟಣಗಳು ಇದೇ ಸಂಕಟವನ್ನು ಎದುರಿಸಿದ್ದವು. ಅಲ್ಲಿನವರು ಹುಡುಗರನ್ನು ಬೈದು ಸುಮ್ಮನಾಗಲಿಲ್ಲ. ಅವರಿಗೊಂದು ಮೈದಾನ ಕೊಟ್ಟರು, ನಿಯಮ ಕೊಟ್ಟರು, ಜೊತೆಗೆ ಹಿರಿಯರ ಕಣ್ಗಾವಲನ್ನೂ ಕೊಟ್ಟರು. ಹಳೆಯ ‘ಮಸಲ್ ಕಾರು’ಗಳನ್ನು ಕೈಯಾರೆ ಸಜ್ಜುಗೊಳಿಸಿ ವಾರಾಂತ್ಯದಲ್ಲಿ ಓಡಿಸುವ ಸಾವಿರಾರು ಹವ್ಯಾಸಿಗಳ ಇಂದಿನ ಲೋಕ ಬೆಳೆದು ಬಂದದ್ದು ಆ ವ್ಯವಸ್ಥೆಯಿಂದಲೇ.

ವಿಮಾನ ಪಟ್ಟಿಯಲ್ಲಿ ಆರಂಭ

ದ್ವಿತೀಯ ಮಹಾಯುದ್ಧ ಮುಗಿಸಿ ಊರಿಗೆ ಮರಳಿದ ಅಮೆರಿಕದ ಯುವಕರಲ್ಲಿ ಅನೇಕರಿಗೆ ಯಂತ್ರಗಳ ಕೆಲಸ ಕರಗತವಾಗಿತ್ತು. ಹಳೆಯ ಕಾರುಗಳನ್ನು ಅಗ್ಗಕ್ಕೆ ಕೊಂಡು, ಬೇಡದ ಭಾಗಗಳನ್ನು ಕಳಚಿ, ಎಂಜಿನ್‌ಗೆ ಹೆಚ್ಚಿನ ಬಲ ತುಂಬಿ ಅವರು ‘ಹಾಟ್ ರಾಡ್’ ಎಂಬ ಬಂಡಿಗಳನ್ನು ಸಿದ್ಧಪಡಿಸಿದರು. ಒಂದು ಸಿಗ್ನಲ್‌ನಿಂದ ಮುಂದಿನ ಸಿಗ್ನಲ್‌ವರೆಗೆ ಬೀದಿಯಲ್ಲೇ ಪಂದ್ಯ ನಡೆಯುತ್ತಿತ್ತು. ಅಪಘಾತಗಳಾದವು, ಸಾವುಗಳಾದವು. ಊರವರು ಇವರನ್ನು ಪುಂಡರೆಂದೇ ಕರೆದರು.

1950ರಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಆನಾದ ವಿಮಾನ ನಿಲ್ದಾಣದ ಪಟ್ಟಿಯ ಮೇಲೆ ಕ್ರಮಬದ್ಧ ಓಟಗಳು ಆರಂಭವಾದವು. ಮರುವರ್ಷ, 1951ರಲ್ಲಿ, ‘ಹಾಟ್ ರಾಡ್’ ಪತ್ರಿಕೆಯ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ ಅವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಹುಡುಗರನ್ನು ಬೀದಿಯಿಂದ ಮೈದಾನಕ್ಕೆ ಕರೆತರುವುದೇ ಅದರ ಮೂಲ ಉದ್ದೇಶವಾಗಿತ್ತು. 1953ರಲ್ಲಿ ಪೊಮೋನಾ ಪಟ್ಟಣದ ಜಾತ್ರೆ ಮೈದಾನದ ಪಾರ್ಕಿಂಗ್ ಜಾಗದಲ್ಲಿ ಸಂಸ್ಥೆಯ ಮೊದಲ ಅಧಿಕೃತ ಸ್ಪರ್ಧೆ ಜರಗಿತು. ಆ ಪಟ್ಟಣದ ಪೊಲೀಸರು ಇದಕ್ಕೆ ಬೆಂಬಲವಾಗಿ ನಿಂತದ್ದು ವಿಶೇಷ. ಅಲ್ಲಿನ ಪೊಲೀಸ್ ಅಧಿಕಾರಿ ಬಡ್ ಕೂನ್ಸ್ ಅವರ ಮುಂದಾಳತ್ವದಲ್ಲಿ 1954ರಲ್ಲಿ ಒಂದು ತಂಡ ಊರೂರು ಸುತ್ತಿ, ಸುರಕ್ಷಿತವಾಗಿ ಸ್ಪರ್ಧೆ ನಡೆಸುವುದು ಹೇಗೆಂದು ಸ್ಥಳೀಯ ಕ್ಲಬ್‌ಗಳಿಗೆ ಕಲಿಸಿಕೊಟ್ಟಿತು. ಬೆನ್ನಟ್ಟಿ ಹಿಡಿಯಬೇಕಾದ ಪೊಲೀಸರೇ ಗುರುವಾಗಿ ಬಂದಾಗ ಹುಡುಗರ ಮನಸ್ಸು ತಿರುಗಿತು. 1955ರಲ್ಲಿ ಕಾನ್ಸಾಸ್ ರಾಜ್ಯದ ಗ್ರೇಟ್ ಬೆಂಡ್‌ನಲ್ಲಿ ಯುದ್ಧಕಾಲದ ವಿಮಾನ ಪಟ್ಟಿಯ ಮೇಲೆ ಮೊದಲ ರಾಷ್ಟ್ರೀಯ ಕೂಟವೂ ನಡೆಯಿತು.

ಏನಿದು ಮಸಲ್ ಕಾರು?

ಮಸಲ್ ಎಂದರೆ ಮಾಂಸಖಂಡ. ಮಧ್ಯಮ ಗಾತ್ರದ ಸಾಧಾರಣ ಕಾರಿಗೆ ದೊಡ್ಡ ಕಾರಿನ ಭಾರೀ ವಿ-8 ಎಂಜಿನ್ ಕೂರಿಸಿ, ಮಧ್ಯಮ ವರ್ಗದ ಕೈಗೆಟಕುವ ಬೆಲೆಗೆ ಮಾರಿದರೆ ಅದೇ ಮಸಲ್ ಕಾರು. ಈ ಪರಂಪರೆಗೆ ನಾಂದಿಯೆಂದು ಬಹುತೇಕರು ಹೆಸರಿಸುವುದು 1964ರ ಪಾಂಟಿಯಾಕ್ ಜಿಟಿಓ ಕಾರನ್ನು. ಜಾನ್ ಡಿಲೋರಿಯನ್ ಅವರ ಎಂಜಿನಿಯರುಗಳ ತಂಡ ಇದನ್ನು ರೂಪಿಸಿತು. ಈ ಗಾತ್ರದ ಕಾರಿಗೆ ಅಷ್ಟು ದೊಡ್ಡ ಎಂಜಿನ್ ಇಡಬಾರದೆಂದು ಕಂಪೆನಿಯ ಒಳನಿಯಮವೇ ಇತ್ತು. ಅದನ್ನು ಜಾಣತನದಿಂದ ದಾಟಲು ಜಿಟಿಓವನ್ನು ಪ್ರತ್ಯೇಕ ಕಾರೆಂದು ಕರೆಯದೆ, ಇದ್ದ ಕಾರಿನ ಮೇಲೆ ಗ್ರಾಹಕರು ಬೇಕಾದರೆ ಆರಿಸಿಕೊಳ್ಳಬಹುದಾದ ಹೆಚ್ಚುವರಿ ಸೌಲಭ್ಯವೆಂದು ತೋರಿಸಲಾಯಿತು. 5,000 ಕಾರು ಮಾರಾಟವಾದರೆ ಸಾಕೆಂದಿದ್ದವರಿಗೆ ಮೊದಲ ವರ್ಷವೇ 32,000ಕ್ಕೂ ಹೆಚ್ಚು ಗ್ರಾಹಕರು ದೊರೆತರು.

ಅದೇ ವರ್ಷ ಮುಂಬಯಿಯಲ್ಲಿ ಫಿಯಟ್ 1100 ಡಿಲೈಟ್ ಕಾರು ಬಂದಿತು. ಮುಂದೆ ಪ್ರೀಮಿಯರ್ ಪದ್ಮಿನಿಯಾಗಿ, ಕಾಳಿ-ಪೀಲಿ ಟ್ಯಾಕ್ಸಿಯಾಗಿ 2023ರವರೆಗೆ ಮಹಾನಗರದ ರಸ್ತೆಗಳಲ್ಲಿ ಓಡಿದ್ದು ಅದರ ವಂಶದ ಕಾರೇ. ಅದರ ಎಂಜಿನ್ ಸುಮಾರು 1.1 ಲೀಟರಿನದು. ಜಿಟಿಓ ಎಂಜಿನ್ 6.4 ಲೀಟರಿನದು. ಆ ಪದ್ಮಿನಿಯನ್ನು ಕಂಡವರಿಗೆ ಈ ಹೋಲಿಕೆಯಿಂದಲೇ ಮಸಲ್ ಕಾರಿನ ಬಲದ ಅಂದಾಜು ಆದೀತು.

1964ರ ಏಪ್ರಿಲ್‌ನಲ್ಲಿ ಫೋರ್ಡ್ ಮಸ್ಟಾಂಗ್, 1967ರ ಮಾದರಿಯಾಗಿ ಶೆವರ್ಲೆ ಕಮಾರೊ ಬಂದವು. 1970ರ ಶೆವರ್ಲೆ ಶೆವೆಲ್‌ನ 7.4 ಲೀಟರ್ ಎಂಜಿನ್‌ಗೆ ಕಂಪೆನಿ ಹೇಳಿಕೊಂಡ ಶಕ್ತಿ 450 ಅಶ್ವಶಕ್ತಿ. ಹಳೆಯ ಮಾರುತಿ 800 ಕಾರಿನದು ಸುಮಾರು 37. ಆದರೆ ಈ ವೈಭವ ಹೆಚ್ಚು ಕಾಲ ಉಳಿಯಲಿಲ್ಲ. ಹೊಗೆ ನಿಯಂತ್ರಣದ ಕಾನೂನು, ಯುವ ಚಾಲಕರ ಮೇಲೆ ಏರಿದ ವಿಮಾ ಕಂತು, 1973ರ ತೈಲ ಬಿಕ್ಕಟ್ಟು ಇವೆಲ್ಲ ಸೇರಿ ಮಸಲ್ ಕಾರುಗಳ ಮೊದಲ ಯುಗಕ್ಕೆ ತೆರೆ ಎಳೆದವು. ಹೆಚ್ಚು ಪೆಟ್ರೋಲ್ ಕುಡಿಯುವ ಈ ಕಾರುಗಳು ಅಗ್ಗದ ಬೆಲೆಗೆ ಹುಡುಗರ ಪಾಲಾದವು. ಗುಜರಿ ಸೇರಬೇಕಾಗಿದ್ದ ಎಷ್ಟೋ ಕಾರುಗಳನ್ನು ಮನೆಯ ಗ್ಯಾರೇಜಿನಲ್ಲಿ ಉಳಿಸಿ ಬೆಳೆಸಿದವರು ಹವ್ಯಾಸಿಗಳೇ.

ಮೊದಲು ಬ್ರೇಕ್, ಬಳಿಕ ಎಂಜಿನ್

ಮಸಲ್ ಕಾರಿನ ದೊಡ್ಡ ದೌರ್ಬಲ್ಯವೆಂದರೆ ನೇರ ರಸ್ತೆಯಲ್ಲಿ ಹಾರಿದಂತೆ ತಿರುವಿನಲ್ಲಿ ತಿರುಗದು, ನಿಲ್ಲೆಂದರೆ ನಿಲ್ಲದು. ಮೂಗಿನಲ್ಲಿ ಭಾರವಾದ ಎಂಜಿನ್, ಹಿಂಬದಿಯಲ್ಲಿ ಲಾರಿಗಳಲ್ಲಿರುವಂತಹ ಪಟ್ಟಿ ಸ್ಪ್ರಿಂಗ್, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್. 1960ರ ದಶಕದ ಹೆಚ್ಚಿನ ಕಾರುಗಳ ಸ್ಥಿತಿ ಇದೇ ಆಗಿತ್ತು.

ಹೊಸದಾಗಿ ಈ ಹವ್ಯಾಸಕ್ಕೆ ಇಳಿಯುವ ಹುಡುಗನ ಕಣ್ಣು ಮೊದಲು ಬೀಳುವುದು ಎಂಜಿನ್ ಮೇಲೆ. ಅನುಭವಿಗಳು ಹೇಳುವ ಕ್ರಮವಾದರೋ ಇದಕ್ಕೆ ತದ್ವಿರುದ್ಧ. ಮೊದಲು ಬ್ರೇಕ್, ನಂತರ ಟಯರ್, ಆಮೇಲೆ ಸಸ್ಪೆನ್ಶನ್, ಎಂಜಿನ್ ಕೊನೆಗೆ. ಇದಕ್ಕೆ ಕಾರಣ ಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ. ವೇಗ ಎರಡು ಪಟ್ಟಾದರೆ ಕಾರನ್ನು ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆ ಶಕ್ತಿಯೆಲ್ಲ ಶಾಖವಾಗಿ ಮಾರ್ಪಡುತ್ತದೆ. ಡ್ರಮ್‌ನೊಳಗೆ ಸಿಕ್ಕಿಬಿದ್ದ ಶಾಖ ಬೇಗ ಹೊರಹೋಗದೆ ಬ್ರೇಕ್‌ನ ಹಿಡಿತ ಕುಸಿಯುತ್ತದೆ. ಹಳೆಯದಾಗಿ ನೀರಿನಂಶ ಹೀರಿಕೊಂಡ ಬ್ರೇಕ್ ಆಯಿಲ್ ಕುದಿದು ಗುಳ್ಳೆಯೇಳುತ್ತದೆ, ಪೆಡಲ್ ನೆಲಕ್ಕೆ ತಾಗಿದರೂ ಕಾರು ನಿಲ್ಲುವುದಿಲ್ಲ. ಆದ್ದರಿಂದಲೇ ಡಿಸ್ಕ್ ಬ್ರೇಕ್ ಅಳವಡಿಸುವುದು, ಕೂಟಕ್ಕೆ ಮೊದಲು ಹೊಸ ಬ್ರೇಕ್ ಆಯಿಲ್ ತುಂಬುವುದು ಮೊದಲ ಕೆಲಸ.

ಎರಡನೆಯದು ಕಾರಿನ ಮೈಯ ಗಟ್ಟಿತನ. ಮೊದಲ ತಲೆಮಾರಿನ ಕಮಾರೊದಲ್ಲಿ ಎಂಜಿನ್ ಹೊರುವ ಮುಂಭಾಗದ ಚೌಕಟ್ಟು ಬೇರೆ, ಹಿಂದಿನ ಕವಚ ಬೇರೆ. ಎರಡನ್ನೂ ಬೋಲ್ಟ್ ಹಾಕಿ ಜೋಡಿಸಲಾಗಿದೆ. ತಿರುವಿನಲ್ಲಿ ಮೈ ತಿರುಚಿಕೊಳ್ಳದಂತೆ ಇವೆರಡನ್ನೂ ಉಕ್ಕಿನ ತೊಲೆಗಳಿಂದ ಬಿಗಿಯುತ್ತಾರೆ. ಮಸ್ಟಾಂಗ್‌ನಲ್ಲಿ ಮುಂಚಕ್ರದ ಮೇಲಿನ ತೋಳು ಕೂರುವ ಜಾಗವನ್ನು ಸುಮಾರು ಒಂದು ಇಂಚು ಕೆಳಗಿಳಿಸುತ್ತಾರೆ. ಹೊಸ ರಂಧ್ರಗಳನ್ನು ಕೊರೆದರೆ ಮುಗಿಯಿತು, ಖರ್ಚು ಅತ್ಯಲ್ಪ. ಆದರೆ ತಿರುವಿನಲ್ಲಿ ಟಯರ್ ನೆಲವನ್ನು ಹಿಡಿಯುವ ರೀತಿಯೇ ಬದಲಾಗುತ್ತದೆ. ಕ್ಯಾರೊಲ್ ಶೆಲ್ಬಿ ಅವರು 1965ರಲ್ಲಿ ಸಿದ್ಧಪಡಿಸಿದ ಜಿಟಿ-350 ಮಸ್ಟಾಂಗ್‌ನಲ್ಲಿ ಇದನ್ನೇ ಮಾಡಲಾಗಿತ್ತು. ಆ ಕಾರು ಅದೇ ವರ್ಷ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕಾದ ತನ್ನ ವರ್ಗದಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಗಳಿಸಿತು.

ಎಂಜಿನ್‌ಗೂ ತಿರುವಿನ ಪಾಠ ಬೇರೆಯೇ. ಜೋರಾಗಿ ತಿರುಗುವಾಗ ತಳದ ಆಯಿಲ್ ಎಲ್ಲ ಒಂದು ಬದಿಗೆ ಸರಿದು, ಪಂಪು ಗಾಳಿಯನ್ನು ಹೀರುತ್ತದೆ. ಕೆಲವೇ ಕ್ಷಣಗಳಲ್ಲಿ ಬೇರಿಂಗ್ ಸುಟ್ಟು ಎಂಜಿನ್ ಹಾಳಾಗಬಹುದು. ಇದನ್ನು ತಡೆಯಲು ಆಯಿಲ್ ತೊಟ್ಟಿಯೊಳಗೆ ತಡೆಹಲಗೆ ಇಡುತ್ತಾರೆ. ಹಳೆಯ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಕೂಡ ಹೀಗೆಯೇ ತುಳುಕಿ ಎಂಜಿನ್ ತಡವರಿಸುತ್ತದೆ. 1997ರ ಮಾದರಿಯ ಕಾರ್ವೆಟ್ ಕಾರಿನೊಂದಿಗೆ ಬಂದ ಎಲ್‌ಎಸ್ ಸರಣಿಯ ವಿ-8 ಎಂಜಿನ್ ಈ ಹವ್ಯಾಸಿಗಳಿಗೆ ವರದಾನವಾಯಿತು. ಅಲ್ಯೂಮಿನಿಯಂ ಮೈ, ಫ್ಯುಯೆಲ್ ಇಂಜೆಕ್ಷನ್, ಹಗುರ ಭಾರ. ಅಪಘಾತಕ್ಕೀಡಾದ ಹೊಸ ಕಾರುಗಳಿಂದ ಇಂತಹ ಎಂಜಿನ್ ತೆಗೆದು ಹಳೆಯ ಕಮಾರೊಗೆ ಕೂರಿಸುವುದು ಇಂದು ಸಾಮಾನ್ಯವಾಗಿದೆ.

ಇಷ್ಟೆಲ್ಲ ನಡೆಯುವುದು ಮನೆಯ ಗ್ಯಾರೇಜಿನಲ್ಲಿ, ರಾತ್ರಿ ಮತ್ತು ರಜಾದಿನಗಳಲ್ಲಿ. ಒಂದು ಕಾರು ಸಿದ್ಧವಾಗಲು ಹಲವು ವರ್ಷಗಳೇ ಹಿಡಿಯುವುದುಂಟು. ಬರಿಯ ಜ್ಯಾಕ್ ಮೇಲೆ ನಿಂತ ಕಾರಿನಡಿ ತಲೆ ಹಾಕಬಾರದು, ಭದ್ರವಾದ ಸ್ಟ್ಯಾಂಡ್ ಇಟ್ಟೇ ಕೆಳಗೆ ಹೋಗಬೇಕು, ಚಕ್ರದ ನಟ್ಟುಗಳನ್ನು ಅಂದಾಜಿಗೆ ಬಿಗಿಯದೆ ಅಳತೆಯ ಪಾನಾದಿಂದಲೇ ಬಿಗಿಯಬೇಕು ಎಂಬ ಶಿಸ್ತು ಅಲ್ಲಿಂದಲೇ ಆರಂಭ. ತಂದೆ-ಮಕ್ಕಳು ಒಂದೇ ಕಾರಿನಡಿ ಮಲಗಿ ಕೆಲಸ ಮಾಡುವ ದೃಶ್ಯ ಅಲ್ಲಿ ಅಪರೂಪವಲ್ಲ.

ಒಂದು ನಿಮಿಷದ ಓಟ, ದಿನವಿಡೀ ಸೇವೆ

ಹೀಗೆ ಸಿದ್ಧವಾದ ಕಾರು ಮೊದಲು ಹೋಗುವುದು ಸಾಮಾನ್ಯವಾಗಿ ‘ಆಟೋಕ್ರಾಸ್’ ಕೂಟಕ್ಕೆ. ದೊಡ್ಡ ಪಾರ್ಕಿಂಗ್ ಜಾಗ ಅಥವಾ ಹಳೆಯ ವಿಮಾನ ಪಟ್ಟಿಯ ಮೇಲೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನ್‌ಗಳನ್ನಿಟ್ಟು ಅಂಕುಡೊಂಕಿನ ದಾರಿ ಗುರುತಿಸುತ್ತಾರೆ. ಕಾರುಗಳು ಒಂದೊಂದಾಗಿ ಓಡುತ್ತವೆ, ಗಡಿಯಾರವೇ ಎದುರಾಳಿ. ಒಂದು ಸುತ್ತು ಹೆಚ್ಚೆಂದರೆ ಒಂದು ನಿಮಿಷದ ಆಸುಪಾಸು. ವೇಗ ಹೆದ್ದಾರಿಯ ವೇಗವನ್ನು ಮೀರುವುದು ಕಡಿಮೆ. ಒಂದು ಕೋನ್ ಬಿದ್ದರೆ ಎರಡು ಸೆಕೆಂಡ್ ದಂಡ. ದಾರಿ ತಪ್ಪಿದರೆ ಆ ಓಟ ಲೆಕ್ಕಕ್ಕಿಲ್ಲ. ಗೋಡೆ, ಕಂಬಗಳಿಂದ ದಾರಿ ದೂರವಿರುವಂತೆ ನಿಯಮವಿದೆ. ಹಾಗಾಗಿ ಚಾಲಕನ ತಪ್ಪಿಗೆ ಹೆಚ್ಚಾಗಿ ಬಲಿಯಾಗುವುದು ಒಂದೆರಡು ಕೋನ್‌ಗಳು ಮಾತ್ರ.

ಬೆಳಗ್ಗೆ ಮೊದಲು ಕಾರಿನ ತಪಾಸಣೆ. ಬ್ಯಾಟರಿ ಭದ್ರವಾಗಿದೆಯೇ, ಚಕ್ರ ಅಲುಗುತ್ತಿದೆಯೇ, ಬ್ರೇಕ್ ಪೆಡಲ್ ಗಟ್ಟಿಯಾಗಿದೆಯೇ, ಹೆಲ್ಮೆಟ್ ಸರಿಯಾಗಿದೆಯೇ ಎಂದು ನೋಡಿಯೇ ಒಳಬಿಡುತ್ತಾರೆ. ನಂತರ ಚಾಲಕರೆಲ್ಲ ಆ ದಾರಿಯನ್ನು ಕಾಲ್ನಡಿಗೆಯಲ್ಲಿ ಎರಡು ಮೂರು ಬಾರಿ ಸುತ್ತಿ ಮನನ ಮಾಡಿಕೊಳ್ಳುತ್ತಾರೆ. ಹೊಸಬರ ಪಕ್ಕದಲ್ಲಿ ಅನುಭವಿ ಮಾರ್ಗದರ್ಶಕರು ಕೂರುತ್ತಾರೆ. ಮುಂದಿನ ಕೋನ್ ಅಲ್ಲ, ಅದರಾಚೆಯದನ್ನು ನೋಡಬೇಕು, ತಿರುವಿಗೆ ಮೊದಲೇ ಬ್ರೇಕ್ ಮುಗಿಸಬೇಕು, ನಡುವೆ ಗಾಬರಿಯಿಂದ ಆ್ಯಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಸರಿದು ಹಿಂಬದಿ ಜಾರುತ್ತದೆ ಎಂಬುದೆಲ್ಲ ಅಲ್ಲಿನ ಆರಂಭದ ಪಾಠಗಳು. 400 ಅಶ್ವಶಕ್ತಿಯ ಕಾರು ತಂದವನು ಸಣ್ಣ ಕಾರಿನ ಅನುಭವಿಯೆದುರು ಸೋತು ತಲೆ ತಗ್ಗಿಸುವುದೂ ಇಲ್ಲೇ. ಆ ಸೋಲು ಕಲಿಸುವ ವಿನಯ ರಸ್ತೆಯಲ್ಲಿ ಜೀವ ಉಳಿಸುತ್ತದೆ.

ಸಂಘ-ಸಂಸ್ಥೆಗಳ ಕಾರ್ಯಕರ್ತರು ಮುಖ್ಯವಾಗಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಓಡಿಸುವವರೇ ದುಡಿಯಲೂಬೇಕು. ಒಂದು ತಂಡ ಓಡಿಸುವಾಗ ಇನ್ನೊಂದು ತಂಡ ಬಿಸಿಲಲ್ಲಿ ನಿಂತು ಬಿದ್ದ ಕೋನ್ ಎತ್ತಿಡುತ್ತದೆ, ಬಾವುಟ ಹಿಡಿಯುತ್ತದೆ, ಸಮಯ ಬರೆಯುತ್ತದೆ. ಬಳಿಕ ಪಾಳಿ ಬದಲಾಗುತ್ತದೆ. ವೈದ್ಯನಿರಲಿ, ಲಾರಿ ಚಾಲಕನಿರಲಿ, ಈ ಸೇವೆಯಿಂದ ಯಾರಿಗೂ ವಿನಾಯಿತಿ ಇಲ್ಲ. ದಿನಕ್ಕೆ ನಾಲ್ಕಾರು ಓಟ ಸಿಗುತ್ತದೆ. ಒಟ್ಟು ಓಡಿಸುವುದು ಐದಾರು ನಿಮಿಷ, ಉಳಿದ ಸಮಯವೆಲ್ಲ ಇತರರಿಗಾಗಿ. ವಾರ್ಷಿಕೋತ್ಸವದಲ್ಲಿ ಬಣ್ಣ ಹಚ್ಚಿದ ಕಲಾವಿದನೇ ಬೆಳಗ್ಗೆ ಕುರ್ಚಿ ಜೋಡಿಸಿದ್ದನ್ನು ಕಂಡವರಿಗೆ ಇದರ ಸೊಗಸು ಬೇಗ ಅರ್ಥವಾಗುತ್ತದೆ.

1944ರಲ್ಲಿ ಸ್ಥಾಪನೆಗೊಂಡ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕಾ ಇಂತಹ ಕೂಟಗಳನ್ನು ದೇಶದಾದ್ಯಂತ ನಡೆಸುತ್ತದೆ. ಅದರ ರಾಷ್ಟ್ರೀಯ ಆಟೋಕ್ರಾಸ್ ಕೂಟ 2009ರಲ್ಲಿ ನೆಬ್ರಾಸ್ಕಾದ ಲಿಂಕನ್‌ಗೆ, ಅಲ್ಲಿನ ಹಳೆಯ ವಾಯುನೆಲೆಗೆ ಸ್ಥಳಾಂತರಗೊಂಡಿತು. 2010ರ ದಶಕದಲ್ಲಿ ‘ಕ್ಲಾಸಿಕ್ ಅಮೆರಿಕನ್ ಮಸಲ್’ ಎಂಬ ಪ್ರತ್ಯೇಕ ವರ್ಗವೂ ಸೇರ್ಪಡೆಯಾಯಿತು. ರೇಸಿನ ದುಬಾರಿ ಟಯರ್‌ಗಳಿಗೆ ಅಲ್ಲಿ ಅವಕಾಶವಿಲ್ಲ, ರಸ್ತೆಯಲ್ಲಿ ಬಳಸುವ ಟಯರ್‌ಗಳೇ ಕಡ್ಡಾಯ.

ಕಾಲು ಮೈಲಿನ ಲೆಕ್ಕಾಚಾರ

ನೇರ ಓಟದ ಡ್ರ್ಯಾಗ್ ಪಟ್ಟಿಯಲ್ಲೂ ಹಣವಂತರೇ ಗೆಲ್ಲಬೇಕೆಂದಿಲ್ಲ. ಕಾಲು ಮೈಲು ಎಂದರೆ 1,320 ಅಡಿ. ಹವ್ಯಾಸಿಗಳ ‘ಬ್ರ್ಯಾಕೆಟ್’ ಪದ್ಧತಿಯಲ್ಲಿ ಪ್ರತಿಯೊಬ್ಬ ಚಾಲಕ ತನ್ನ ಕಾರು ಎಷ್ಟು ಸೆಕೆಂಡಿನಲ್ಲಿ ಗುರಿ ಮುಟ್ಟೀತೆಂದು ಮೊದಲೇ ಗಾಜಿನ ಮೇಲೆ ಬರೆಯುತ್ತಾನೆ. ಒಬ್ಬ 16 ಸೆಕೆಂಡ್, ಇನ್ನೊಬ್ಬ 12 ಸೆಕೆಂಡ್ ಎಂದು ಬರೆದರೆ, ನಿಧಾನದ ಕಾರಿಗೆ ನಾಲ್ಕು ಸೆಕೆಂಡ್ ಮೊದಲೇ ಹಸಿರು ದೀಪ ಬೆಳಗುತ್ತದೆ. ತಾನು ಬರೆದುದಕ್ಕಿಂತ ವೇಗವಾಗಿ ಗುರಿ ಮುಟ್ಟಿದವನು ಸಾಮಾನ್ಯವಾಗಿ ಸೋತಂತೆ! ಆದ್ದರಿಂದ ಇಲ್ಲಿ ಗೆಲ್ಲುವುದು ತನ್ನ ಕಾರನ್ನು ಬಲ್ಲವನು, ಹೇಳಿದ ಮಾತಿಗೆ ತಪ್ಪದವನು. ಕಾರಿನ ವೇಗ ಹೆಚ್ಚಿದಂತೆ ಹೆಲ್ಮೆಟ್, ಉಕ್ಕಿನ ರಕ್ಷಣಾ ಸರಳು, ನಂತರ ಪೂರ್ಣ ಪಂಜರ ಹೀಗೆ ನಿಯಮಗಳೂ ಬಿಗಿಯಾಗುತ್ತವೆ.

ಸಜ್ಜುಗೊಳಿಸಿದ ಕಾರು ಬರೀ ಪ್ರದರ್ಶನದ ವಸ್ತುವಾಗಬಾರದೆಂಬ ಕಾಳಜಿಯೂ ಇದೆ. ಪತ್ರಕರ್ತ ಬ್ರಾಕ್ ಯೇಟ್ಸ್ 1984ರಲ್ಲಿ ಆರಂಭಿಸಿದ ‘ಒನ್ ಲ್ಯಾಪ್ ಆಫ್ ಅಮೆರಿಕಾ’ ಒಂದು ಸಾಹಸಯಾತ್ರೆಯೇ ಸರಿ. ಇಂದಿನ ಅದರ ಪದ್ಧತಿಯಂತೆ ಒಂದು ಟ್ರ್ಯಾಕಿನಲ್ಲಿ ಸ್ಪರ್ಧೆ ಮುಗಿಸಿ, ಅದೇ ಕಾರನ್ನು ಓಡಿಸಿಕೊಂಡು ಮುಂದಿನ ಊರಿನ ಟ್ರ್ಯಾಕಿಗೆ ಹೋಗಬೇಕು. ಎಂಜಿನಿಯರ್ ಮಾರ್ಕ್ ಸ್ಟೀಲೋ 1990ರ ದಶಕದಲ್ಲಿ ತಾವು ಸಜ್ಜುಗೊಳಿಸಿದ 1969ರ ಕಮಾರೊವನ್ನು ಇದರಲ್ಲಿ ಓಡಿಸಿ, ಹಳೆಯ ಮಸಲ್ ಕಾರೂ ತಿರುಗಬಲ್ಲದು, ನಿಲ್ಲಬಲ್ಲದು ಎಂದು ತೋರಿಸಿದರು. 2006ರಲ್ಲಿ ಆರಂಭವಾದ ‘24 ಅವರ್ಸ್ ಆಫ್ ಲೆಮನ್ಸ್’ ಸ್ಪರ್ಧೆಯಲ್ಲಂತೂ ಸುರಕ್ಷತಾ ಸಲಕರಣೆಗಳನ್ನು ಬಿಟ್ಟು ಕಾರಿಗೆ 500 ಡಾಲರ್ ಮೀರಿ ಖರ್ಚು ಮಾಡುವಂತಿರಲಿಲ್ಲ.

ಹವ್ಯಾಸಿಯಿಂದ ವಿಜೇತನವರೆಗೆ

ಈ ಲೋಕದಿಂದ ಮೇಲೆ ಬಂದವರಲ್ಲಿ ಮಾರ್ಕ್ ಡೊನೊಹ್ಯೂ ಪ್ರಮುಖರು. ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಗಲೇ ತಮ್ಮ ಕಾರ್ವೆಟ್ ಕಾರನ್ನು ಗುಡ್ಡ ಏರುವ ಹವ್ಯಾಸಿ ಸ್ಪರ್ಧೆಯಲ್ಲಿ ಓಡಿಸಿದ್ದರು. ಮುಂದೆ ರೋಜರ್ ಪೆನ್ಸ್ಕೆ ತಂಡದ ಕಮಾರೊದಲ್ಲಿ 1968ರ ಟ್ರಾನ್ಸ್-ಆ್ಯಮ್ ಸರಣಿಯ 13 ಓಟಗಳಲ್ಲಿ 10ನ್ನು ಗೆದ್ದರು. ಆ ಸರಣಿಯ 5 ಲೀಟರ್ ಮಿತಿಗೆ ಹೊಂದುವಂತೆ ಶೆವರ್ಲೆ ವಿಶೇಷವಾಗಿ ರೂಪಿಸಿದ ಎಂಜಿನ್ ಅದರಲ್ಲಿತ್ತು. ಕಾರಿನ ಪ್ರತಿಯೊಂದು ಭಾಗವನ್ನು ಅಳೆದು, ತೂಗಿ, ಪರೀಕ್ಷಿಸಿಯೇ ಓಡಿಸುವ ಎಂಜಿನಿಯರ್ ಚಾಲಕರೆಂದು ಅವರು ಖ್ಯಾತರು.

ಅಂತಹ ಜಾಗರೂಕ ಡೊನೊಹ್ಯೂ ಕೂಡ 1975ರ ಆಗಸ್ಟ್‌ನಲ್ಲಿ ಆಸ್ಟ್ರಿಯದಲ್ಲಿ ಫಾರ್ಮುಲಾ ಒನ್ ಅಭ್ಯಾಸದ ವೇಳೆ ನಡೆದ ಅಪಘಾತದಿಂದ 38ರ ಹರೆಯದಲ್ಲೇ ಅಗಲಿದರು. ರೇಸಿನ ತುತ್ತತುದಿಯಲ್ಲಿ ಅಪಾಯ ಇದ್ದೇ ಇದೆ, ಅದನ್ನು ಮರೆಮಾಚುವುದು ಸಲ್ಲ. ಹೆಲ್ಮೆಟ್, ತಪಾಸಣೆ, ವೈದ್ಯರು, ಬಾವುಟ ಹಿಡಿದ ಸ್ವಯಂಸೇವಕರು ಇರುವ ಕಣದಲ್ಲೇ ಅಪಾಯ ತಪ್ಪಿದ್ದಲ್ಲವೆಂದಾದರೆ, ಇದಾವುದೂ ಇಲ್ಲದ ರಸ್ತೆಯಲ್ಲಿ ಗತಿಯೇನು? ಅಲ್ಲಿ ಎದುರಿಗೆ ಬರುವವನು ಪಾಳಿ ಮುಗಿಸಿ ಮನೆಗೆ ಮರಳುವ ಹೋಟೆಲ್ ಕಾರ್ಮಿಕನಾಗಿರಬಹುದು.

ಇಲ್ಲಿಯೂ ಇದೆ ಕಣ

ಭಾರತದಲ್ಲೂ ಈ ಕಥೆ ಆರಂಭವಾದದ್ದು ವಿಮಾನ ಪಟ್ಟಿಯಲ್ಲೇ. ಮದ್ರಾಸ್ ಸಮೀಪದ ಶೋಲಾವರಂನಲ್ಲಿ ಯುದ್ಧಕಾಲದ ವಿಮಾನ ಪಟ್ಟಿಯ ಮೇಲೆ ದಶಕಗಳ ಕಾಲ ರೇಸ್ ನಡೆದುದನ್ನು ಚೆನ್ನೈಯ ಹಿರಿಯ ಕನ್ನಡಿಗರು ಮರೆತಿರಲಾರರು. 1990ರಲ್ಲಿ ಇರುಂಗಾಟ್ಟುಕೊಟ್ಟೈಯಲ್ಲಿ ಶಾಶ್ವತ ಟ್ರ್ಯಾಕ್ ತೆರೆಯಿತು. ಕೊಯಮತ್ತೂರಿನ ಬಳಿ ಕರಿ ಮೋಟಾರ್ ಸ್ಪೀಡ್‌ವೇ, 2011ರಲ್ಲಿ ದೆಹಲಿ ಸಮೀಪ ಬುದ್ಧ ಸರ್ಕ್ಯೂಟ್ ಬಂದವು. ಲೋಣಾವಳದತ್ತ ಆಂಬಿ ವ್ಯಾಲಿಯ ವಿಮಾನ ಪಟ್ಟಿಯಲ್ಲಿ 2010ರ ದಶಕದಲ್ಲಿ ಡ್ರ್ಯಾಗ್ ಸ್ಪರ್ಧೆಗಳು ನಡೆದವು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕ್ ವಿಭಾಗದ ಬಾಹಾ ವಿಶ್ವಕಪ್ ಮಹಿಳಾ ಪ್ರಶಸ್ತಿ ಗೆದ್ದು ಕನ್ನಡ ನಾಡಿಗೆ ಕೀರ್ತಿ ತಂದದ್ದು ಬೀದಿ ಪಂದ್ಯದಿಂದಲ್ಲ, ಕಣದ ಕಠಿಣ ತರಬೇತಿಯಿಂದ.

ಕಾನೂನು ಕೂಡ ಸ್ಪಷ್ಟವಾಗಿದೆ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅದೇ ವರ್ಷದ ತಿದ್ದುಪಡಿಯಂತೆ ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ರೇಸ್ ನಡೆಸಿದರೆ ಮೊದಲ ಬಾರಿಗೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಅಪ್ರಾಪ್ತ ವಯಸ್ಕ ಮಗ ವಾಹನದಿಂದ ಅಪರಾಧ ಎಸಗಿದರೆ ಹೆತ್ತವರಿಗೆ ಅಥವಾ ವಾಹನದ ಮಾಲಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ ಕಾದಿದೆ.

ಆದರೆ ದಂಡದ ಭಯವೊಂದೇ ಯೌವನದ ವೇಗವನ್ನು ಕಟ್ಟಿಹಾಕದು. ಪೊಮೋನಾದ ಪೊಲೀಸರು ಹುಡುಗರ ಆಸೆಯನ್ನು ಅಪರಾಧವೆಂದು ಭಾವಿಸದೆ, ಅದಕ್ಕೊಂದು ಜಾಗ, ಒಂದು ಹೊತ್ತು, ಒಂದು ನಿಯಮ ಒದಗಿಸಿದರು. ಸಂಘಗಳ ಯುವ ವಿಭಾಗಗಳು ಕ್ರಿಕೆಟ್, ತ್ರೋಬಾಲ್ ಪಂದ್ಯಾಟಗಳಷ್ಟೇ ಆಸ್ಥೆಯಿಂದ ವರ್ಷಕ್ಕೊಮ್ಮೆ ಯುವಕ ಯುವತಿಯರನ್ನು ಅಧಿಕೃತ ಟ್ರ್ಯಾಕಿಗೆ ಕರೆದೊಯ್ಯಬಹುದು. ರೇಸಿನ ಅನುಭವಿಗಳನ್ನು ಆಹ್ವಾನಿಸಿ ಸುರಕ್ಷಿತ ಚಾಲನೆಯ ಶಿಬಿರ ನಡೆಸಬಹುದು. ಗ್ಯಾರೇಜ್ ನಡೆಸುವ ಸದಸ್ಯರೊಬ್ಬರು ಒಂದು ಭಾನುವಾರ ಬ್ರೇಕ್ ಬಿಚ್ಚಿ ಜೋಡಿಸುವುದನ್ನು ತೋರಿಸಿಕೊಟ್ಟರೂ ಸಾಕು. ಬ್ರೇಕ್‌ನ ಬೆಲೆ ಬಲ್ಲ ಹುಡುಗ ಆ್ಯಕ್ಸಿಲರೇಟರ್ ಮೇಲೆ ಕಾಲಿಡುವ ಮುನ್ನ ಒಂದು ಕ್ಷಣ ಯೋಚಿಸುತ್ತಾನೆ. ಆ ಒಂದು ಕ್ಷಣ ಸಾಕು, ಕಿಟಕಿಯ ಬಳಿ ಕಾದು ನಿಂತ ತಾಯಿಗೆ ಮಗ ಮನೆಗೆ ಮರಳುತ್ತಾನೆ.